ನಾಲ್ವರ ಕಾವಲು: ಮಾಲ್ಟಾ ದ್ವೀಪದ ಕರಾವಳಿ ಕೋಟೆಗಳು



ಕೋಟೆಯ ಚರಿತ್ರೆ ಬರೆಯುವಾಗ ನಾವು ಕಟ್ಟಿಸಿದ ದೊರೆಯ ಹೆಸರು ಹೇಳುತ್ತೇವೆ, ಗೋಡೆಯ ದಪ್ಪ ಹೇಳುತ್ತೇವೆ, ಮುತ್ತಿಗೆ ಎಷ್ಟು ದಿನ ನಡೆಯಿತೆಂದು ಲೆಕ್ಕ ಕೊಡುತ್ತೇವೆ. ಗೋಡೆಯ ಮೇಲೆ ನಿಂತು ಕಡಲನ್ನು ನೋಡುತ್ತ ರಾತ್ರಿ ಕಳೆದವನನ್ನು ಬಿಟ್ಟುಬಿಡುತ್ತೇವೆ. ಆದರೆ ಕರಾವಳಿಯ ಕೋಟೆಗಳ ಮಟ್ಟಿಗೆ ಅವನೇ ಮುಖ್ಯ. ಮಲೆನಾಡಿನ ಕೋಟೆಗೆ ಶತ್ರು ಬರುವ ದಾರಿ ಒಂದೋ ಎರಡೋ. ಕಡಲಿಗೆ ದಾರಿಯೆಂಬುದೇ ಇಲ್ಲ. ಎಲ್ಲಿಂದ ಬರುತ್ತಾನೆ ಎಂದು ಮೊದಲು ಕಂಡು, ಕಂಡದ್ದನ್ನು ಹೊತ್ತು ಮೀರುವ ಮೊದಲು ಊರಿಗೆ ಮುಟ್ಟಿಸುವುದೇ ಅಲ್ಲಿ ರಕ್ಷಣೆಯ ಅರ್ಧ ಭಾಗ. ಈ ಮಾತನ್ನು ಮಾಲ್ಟಾ ದ್ವೀಪದಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಜಾಗ ಇನ್ನೊಂದು ನನಗೆ ಗೊತ್ತಿಲ್ಲ.

ಮೆಡಿಟರೇನಿಯನ್ ಸಮುದ್ರದ ನಡುವೆ, ಸಿಸಿಲಿಯ ದಕ್ಷಿಣಕ್ಕೆ ಸುಮಾರು 90 ಕಿ.ಮೀ. ದೂರದಲ್ಲಿ ಮಾಲ್ಟಾ ಇದೆ. ಪಕ್ಕದಲ್ಲಿ ಗೋಜೊ, ಎರಡರ ನಡುವೆ ಪುಟ್ಟ ಕೊಮಿನೊ. ಎಲ್ಲ ಸೇರಿದರೂ 316 ಚದರ ಕಿ.ಮೀ.; ಇವತ್ತಿನ ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ನೆಲ ಈಶಾನ್ಯದ ಕಡೆಗೆ ವಾಲಿಕೊಂಡಿದೆ. ನೈಋತ್ಯದಲ್ಲಿ ಡಿಂಗ್ಲಿಯ ಹತ್ತಿರ ಬಂಡೆಗೋಡೆ 250 ಮೀಟರಿನಷ್ಟು ಎತ್ತರಕ್ಕೆ ಎದ್ದು ನಿಂತಿದೆ; ಆ ಕಡೆಯಿಂದ ಸೈನ್ಯ ಹತ್ತಲಾರದು. ಉತ್ತರ ಮತ್ತು ಪೂರ್ವದಲ್ಲಿ ಮಾತ್ರ ತಗ್ಗಾದ ದಡ, ಒಂದರ ಪಕ್ಕ ಒಂದು ಕೊಲ್ಲಿ: ಮೆಲ್ಲೀಹಾ, ಸೇಂಟ್ ಪಾಲ್ಸ್, ಸಲೀನಾ, ಮಾರ್ಸಾಸ್ಕಾಲಾ, ಮಾರ್ಸಾಶ್ಲೋಕ್. ದೋಣಿ ತಂದು ನಿಲ್ಲಿಸಿ ಸದ್ದಿಲ್ಲದೆ ಇಳಿಯಲು ಹೇಳಿ ಮಾಡಿಸಿದಂಥ ಜಾಗಗಳು. ಮುಂದಿನ ಐನೂರು ವರ್ಷಗಳ ಕೋಟೆಗಳ ನಕ್ಷೆಯನ್ನು ಈ ಕೊಲ್ಲಿಗಳೇ ಬರೆದವು ಎನ್ನಬಹುದು.

ಕಲ್ಲಿನ ಗೋಪುರಗಳಿಗಿಂತ ಮೊದಲು ಅಲ್ಲಿದ್ದದ್ದು ರೈತರ ಕಾವಲು. ಹಳ್ಳಿಯ ಗಂಡಸರು ಪಾಳಿಯ ಮೇಲೆ ತಮ್ಮ ತಮ್ಮ ಪಾಲಿನ ದಿಬ್ಬಕ್ಕೆ ಹೋಗಿ ರಾತ್ರಿ ಕಾಯಬೇಕು, ಹಡಗು ಕಂಡರೆ ಬೆಂಕಿ ಹಾಕಬೇಕು. ಈ ಕಟ್ಟುಪಾಡಿಗೆ ಅಲ್ಲಿ ಡೇಯ್ಮಾ ಎಂದು ಹೆಸರು. ಕಾವಲಿನ ಠಾಣೆಗಳನ್ನು ಹೇಳುವ 1417ರ ದಾಖಲೆ ಉಳಿದಿದೆ. ಅದಾದ ಎರಡು ಮೂರು ವರ್ಷಕ್ಕೆ ಹಳ್ಳಿಹಳ್ಳಿಯ ಗಂಡಸರ ಹೆಸರು ಬರೆದಿಟ್ಟ ಪಟ್ಟಿಯೂ ಉಳಿದಿದೆ. ಹೊಲಕ್ಕೆ ಹೋಗಿ ದುಡಿದು ಬಂದವನು ಅದೇ ರಾತ್ರಿ ಕಡಲಂಚಿನಲ್ಲಿ ಎಚ್ಚರವಿರಬೇಕಾದ ಬಿಟ್ಟಿ ಚಾಕರಿ ಅದು. ಮಾಲ್ಟಾದ ರಕ್ಷಣೆಯ ಚರಿತ್ರೆಯನ್ನು ಬಹಳ ಮಂದಿ 1530ರಿಂದ, ಅಂದರೆ ಕ್ರೈಸ್ತ ಯೋಧಸನ್ಯಾಸಿಗಳಾದ ಸೇಂಟ್ ಜಾನ್ ಪಂಥದ ನೈಟ್‌ಗಳು ಬಂದಿಳಿದ ವರ್ಷದಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಶುರುವಾಗುವುದು ಈ ಪಟ್ಟಿಯಿಂದ.

ನೈಟ್‌ಗಳು ಬಂದದ್ದು ಮನಸ್ಸಿಲ್ಲದ ಮನಸ್ಸಿನಿಂದ. 1522ರಲ್ಲಿ ರೋಡ್ಸ್ ದ್ವೀಪವನ್ನು ಒಟ್ಟೊಮನ್ ಸುಲ್ತಾನ ಸುಲೇಮಾನನಿಗೆ ಒಪ್ಪಿಸಿ ನೆಲೆಯಿಲ್ಲದೆ ಅಲೆಯುತ್ತಿದ್ದವರಿಗೆ ಚಕ್ರವರ್ತಿ ಐದನೆಯ ಚಾರ್ಲ್ಸ್ ಮಾಲ್ಟಾವನ್ನು ಕೊಟ್ಟ. ವರ್ಷಕ್ಕೊಂದು ಡೇಗೆ ಹಕ್ಕಿಯನ್ನು ಕಾಣಿಕೆಯಾಗಿ ಒಪ್ಪಿಸಬೇಕೆಂಬುದಷ್ಟೇ ಅದರ ಬಾಡಿಗೆ. ಬಂದವರು ದೊಡ್ಡ ಬಂದರಿನ ಸುತ್ತ ಬೀಡುಬಿಟ್ಟರು. ದ್ವೀಪದ ಉಳಿದ ಅಂಚು ಮೊದಲಿನ ಹಾಗೆಯೇ ಬಯಲಾಗಿ ಉಳಿಯಿತು. ಅದರ ಬೆಲೆಯನ್ನು 1551ರಲ್ಲಿ ತೆತ್ತವರು ಗೋಜೊದ ಜನ. ಒಟ್ಟೊಮನ್ ನಾಯಕರಾದ ಸಿನಾನ್ ಪಾಷಾ ಮತ್ತು ದ್ರಾಗುತ್ ಅವರ ಹಡಗುಗಳು ಮಾಲ್ಟಾದಲ್ಲಿ ಹೆಚ್ಚೇನೂ ಗಿಟ್ಟದೆ ಗೋಜೊ ಕಡೆ ತಿರುಗಿದವು. ಅಲ್ಲಿನ ಹಳೆಯ ಕೋಟೆ ಕೆಲವೇ ದಿನಕ್ಕೆ ಶರಣಾಯಿತು. ಸುಮಾರು 5,000 ಜನರನ್ನು, ಅಂದರೆ ಹೆಚ್ಚುಕಡಿಮೆ ಇಡೀ ದ್ವೀಪವನ್ನು, ಗುಲಾಮರನ್ನಾಗಿ ಹಡಗಿಗೆ ತುಂಬಿಕೊಂಡು ಹೋದರು. ಮಾಲ್ಟಾದಲ್ಲಿ ಮುಂದೆ ಎದ್ದ ಪ್ರತಿ ಗೋಪುರದ ಹಿಂದೆಯೂ ಈ ನೆನಪಿತ್ತು.

1565ರ ಮಹಾ ಮುತ್ತಿಗೆಯ ವಿಷಯ ಬೇಕಾದಷ್ಟು ಪುಸ್ತಕಗಳಲ್ಲಿದೆ. ನಾನು ಅದರಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೇ 18ರಂದು ಒಟ್ಟೊಮನ್ ಹಡಗುಪಡೆ ಕಾಣಿಸಿಕೊಂಡಿತು, ಸೆಪ್ಟೆಂಬರ್ 8ರಂದು ಮುತ್ತಿಗೆ ಎದ್ದಿತು. ಬಂದರಿನ ಬಾಯಲ್ಲಿದ್ದ ಸೇಂಟ್ ಎಲ್ಮೊ ಕೋಟೆ ಜೂನ್ 23ರವರೆಗೆ ತಡೆದು ನಿಂತು, ಕೊನೆಗೆ ಒಳಗಿದ್ದ ಹೆಚ್ಚುಕಡಿಮೆ ಎಲ್ಲರೊಂದಿಗೆ ಬಿತ್ತು. ಮಾರನೆಯ ವರ್ಷ ಪಂಥದ ಮುಖ್ಯಸ್ಥ, ಅಂದರೆ ಗ್ರ್ಯಾಂಡ್ ಮಾಸ್ಟರ್, ಲಾ ವ್ಯಾಲೆಟ್ ಹೊಸ ಕೋಟೆನಗರಕ್ಕೆ ಅಡಿಗಲ್ಲು ಹಾಕಿದ. ಅದೇ ಇಂದಿನ ರಾಜಧಾನಿ ವ್ಯಾಲೆಟ್ಟಾ. ನನ್ನ ವಿಷಯಕ್ಕೆ ಬೇಕಾದ ಸಂಗತಿ ಬೇರೆ: ಗೆದ್ದ ಮೇಲೂ ಹಣವೆಲ್ಲ ಬಂದರಿಗೇ ಹೋಯಿತು. ಹಳ್ಳಿಗಳ ಕಡೆಯ ಕಡಲು ಇನ್ನೂ ನಲವತ್ತೈದು ವರ್ಷ ರೈತರ ಪಾಳಿಯ ಮೇಲೆಯೇ ನಡೆಯಿತು.

ಅದನ್ನು ಬದಲಿಸಿದವನು ಅಲೋಫ್ ದ ವಿನ್ಯಾಕೂರ್. 1601ರಿಂದ 1622ರವರೆಗೆ ಗ್ರ್ಯಾಂಡ್ ಮಾಸ್ಟರ್ ಆಗಿದ್ದ ಈತ ಸೇಂಟ್ ಪಾಲ್ಸ್ ಕೊಲ್ಲಿಯಲ್ಲಿ 1610ರಲ್ಲಿ ಮೊದಲ ಗೋಪುರಕ್ಕೆ ಕಲ್ಲು ಹಾಕಿಸಿದ. ಮುಂದಿನ ಹತ್ತು ವರ್ಷದಲ್ಲಿ ಮಾರ್ಸಾಶ್ಲೋಕ್, ಮಾರ್ಸಾಸ್ಕಾಲಾ, ಗೋಜೊ, ಕೊಮಿನೊಗಳಲ್ಲೂ ಗೋಪುರಗಳು ಎದ್ದವು. ಹೆಸರಿಗೆ ಗೋಪುರವಾದರೂ ಇವು ಪುಟ್ಟ ಕೋಟೆಗಳೇ: ಮೂಲೆಗಳಲ್ಲಿ ಬುರುಜು, ಮೇಲೆ ದೊಡ್ಡ ಫಿರಂಗಿ, ಒಳಗೆ ಹತ್ತಾರು ಜನ ಇರಲು ಜಾಗ. ಕೊಮಿನೊದ ಗೋಪುರ ಎದ್ದದ್ದು 1618ರಲ್ಲಿ. ಅಲ್ಲಿಯವರೆಗೆ ಆ ದ್ವೀಪದ ಗುಹೆಗಳು ಕಡಲ್ಗಳ್ಳರಿಗೆ ಅಡಗುತಾಣವಾಗಿದ್ದವು. ಮಾಲ್ಟಾ ಗೋಜೊಗಳ ನಡುವೆ ಓಡಾಡುವ ದೋಣಿಗಳಿಗೆ ಅವರ ಕಾಟ ತಪ್ಪುತ್ತಿರಲಿಲ್ಲ.

ಗೋಪುರಗಳು ನಿಜಕ್ಕೂ ಉಪಯೋಗಕ್ಕೆ ಬಂದವೇ ಎಂದು ಕೇಳುವವರಿಗೆ 1614ರ ಜುಲೈ 6ರ ಬೆಳಗಿನ ಜಾವವೇ ಉತ್ತರ. ಅರವತ್ತು ಹಡಗುಗಳ ಒಟ್ಟೊಮನ್ ಪಡೆ ಮಾರ್ಸಾಶ್ಲೋಕ್ ಕೊಲ್ಲಿಗೆ ನುಗ್ಗಲು ನೋಡಿತು. ಕೆಲವೇ ವರ್ಷಗಳ ಹಿಂದೆ ಕಟ್ಟಿದ್ದ ಸೇಂಟ್ ಲೂಸಿಯನ್ ಗೋಪುರದ ಫಿರಂಗಿಗಳು ಗುಂಡು ಹಾರಿಸಿದವು. ಹಡಗುಗಳು ಹಿಂದೆ ಸರಿದು, ಗೋಪುರವಿಲ್ಲದ ಪಕ್ಕದ ಸೇಂಟ್ ಥಾಮಸ್ ಕೊಲ್ಲಿಯಲ್ಲಿ ಜನರನ್ನು ಇಳಿಸಿದವು. ಝೇಯ್ತುನ್ ಊರಿನ ಮೇಲೆ ದಾಳಿಯಾಯಿತು, ಹೊಲಗಳು ಸುಟ್ಟವು. ಆದರೆ ಗುಂಡಿನ ಸದ್ದಿಗೆ ಎಚ್ಚೆತ್ತ ಜನ ಅಷ್ಟರಲ್ಲಿ ಜಾಗ ಖಾಲಿ ಮಾಡಿದ್ದರು. ಪ್ರಜಾಪಡೆ ಬಂದು ದಾಳಿಕೋರರನ್ನು ಮರಳಿ ದೋಣಿಗಟ್ಟಿತು. ಗೋಜೊದ ಗತಿ ಝೇಯ್ತುನ್‌ಗೆ ಬರಲಿಲ್ಲ. ಬಿಟ್ಟುಹೋಗಿದ್ದ ಆ ಕೊಲ್ಲಿಯ ಹತ್ತಿರ ಅದೇ ವರ್ಷ ಹೊಸ ಗೋಪುರದ ಕೆಲಸ ಶುರುವಾಯಿತು.

ಮುಂದೆ ಗ್ರ್ಯಾಂಡ್ ಮಾಸ್ಟರ್ ಆಗಿ ಬಂದ ಲಾಸ್ಕಾರಿಸ್ 1636ರಿಂದ ಸಣ್ಣ ಗೋಪುರಗಳ ಸಾಲೊಂದನ್ನು ಹಾಕಿಸಿದ. ದೊಡ್ಡದೊಂದನ್ನೂ ಕಟ್ಟಿಸಿದ: ಮೆಲ್ಲೀಹಾದ ಗುಡ್ಡದ ಮೇಲಿನ ಸೇಂಟ್ ಅಗಾಥಾ ಗೋಪುರ. 1649ರಲ್ಲಿ ಮುಗಿದ ಇದಕ್ಕೆ ಕೆಂಪು ಬಣ್ಣ ಬಳಿದಿರುವುದರಿಂದ ಕೆಂಪು ಗೋಪುರವೆಂದೇ ಜನ ಕರೆಯುತ್ತಾರೆ. ಮೂವತ್ತು ಜನರ ದಳ, ನಲವತ್ತು ದಿನದ ಮುತ್ತಿಗೆಗೆ ಸಾಕಾಗುವಷ್ಟು ದವಸ, ಮದ್ದುಗುಂಡು ಅಲ್ಲಿರುತ್ತಿತ್ತು. ಗೋಜೊದಿಂದ ಬಂದ ಸುದ್ದಿಯನ್ನು ವ್ಯಾಲೆಟ್ಟಾ ಕಡೆಗೆ ಸಾಗಿಸುವ ಕೊಂಡಿಯೂ ಅದೇ.

ಈಗ ನನ್ನ ಮನಸ್ಸು ನಿಲ್ಲುವ ಜಾಗಕ್ಕೆ ಬಂದೆವು. ಮಾರ್ಟಿನ್ ದ ರೆದಿನ್ ಎಂಬ ಸ್ಪೇನ್ ಕಡೆಯ ನೈಟ್ ಸಿಸಿಲಿಯ ವೈಸ್‌ರಾಯ್ ಆಗಿದ್ದವನು, 1657ರಲ್ಲಿ ಗ್ರ್ಯಾಂಡ್ ಮಾಸ್ಟರ್ ಆದ. ಆಳಿದ್ದು ಎರಡೂವರೆ ವರ್ಷ ಮಾತ್ರ. ಅಷ್ಟರಲ್ಲೇ, 1658ರ ಮಾರ್ಚ್‌ನಿಂದ 1659ರ ಜುಲೈ ಒಳಗೆ, ಮಾಲ್ಟಾದ ಅಂಚಿನಲ್ಲಿ 13 ಗೋಪುರ ಕಟ್ಟಿಸಿದ; ಖರ್ಚಿಗೆ ತನ್ನ ಕೈಯಿಂದಲೇ ಹಣ ಹಾಕಿದ. ಜಾಗ ಆರಿಸಲು ಇದ್ದ ನಿಯಮ ಸರಳ: ಪ್ರತಿ ಗೋಪುರಕ್ಕೂ ಎಡಬಲದ ಗೋಪುರ ಕಣ್ಣಿಗೆ ಕಾಣಬೇಕು.

ಇವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಚೌಕಾಕಾರ, ಒಂದರ ಮೇಲೊಂದು ಎರಡೇ ಕೋಣೆ, ಎತ್ತರ ಸುಮಾರು ಹನ್ನೊಂದು ಮೀಟರ್. ನೆಲಮಟ್ಟದಲ್ಲಿ ಬಾಗಿಲಿಲ್ಲ. ಬಾಗಿಲು ಇರುವುದು ಮೇಲಿನ ಕೋಣೆಗೆ. ಏಣಿ ಹತ್ತಿ ಒಳಗೆ ಹೋದವರು ಏಣಿಯನ್ನು ಎಳೆದುಕೊಂಡರೆ ಮುಗಿಯಿತು, ಹೊರಗಿನವನಿಗೆ ಬರಿಯ ಗೋಡೆ. ಒಳಗೆ ಕಲ್ಲಿನ ಕಮಾನು ಚಾವಣಿ. ಗೋಡೆಯೊಳಗೆ ಒಬ್ಬನೇ ಹತ್ತಬಹುದಾದಷ್ಟು ಇಕ್ಕಟ್ಟಿನ ಮೆಟ್ಟಿಲು, ಅದು ಮಾಳಿಗೆಯ ಮೇಲಕ್ಕೆ ಹೋಗುತ್ತದೆ. ಮಾಳಿಗೆಯಲ್ಲಿ ಒಂದೆರಡು ಸಣ್ಣ ಫಿರಂಗಿ, ಬೆಂಕಿ ಹಾಕಲು ಸೌದೆ. ಇರುವವರು ನಾಲ್ಕೇ ಜನ: ಒಬ್ಬ ಫಿರಂಗಿಯ ಮುಖ್ಯಸ್ಥ, ಅವನಿಗೆ ಮೂವರು ಸಹಾಯಕರು. ಹಡಗು ಕಂಡರೆ ಹಗಲಲ್ಲಿ ಹೊಗೆ, ರಾತ್ರಿ ಬೆಂಕಿ. ಅದನ್ನು ಕಂಡು ಪಕ್ಕದ ಗೋಪುರ, ಅದನ್ನು ಕಂಡು ಅದರಾಚೆಯದು. ಹೀಗೆ ಸುದ್ದಿ ವ್ಯಾಲೆಟ್ಟಾ ತಲುಪುತ್ತಿತ್ತು.

ನಾಲ್ಕು ಜನ ಒಂದು ಸೈನ್ಯವನ್ನು ತಡೆಯಲಾರರು. ತಡೆಯಲಿ ಎಂದು ಯಾರೂ ಅವರನ್ನು ಅಲ್ಲಿ ಇಟ್ಟಿರಲಿಲ್ಲ. ದ ರೆದಿನ್‌ನ ಗೋಪುರಗಳನ್ನು ದುರ್ಬಲ ಕಟ್ಟಡಗಳೆಂದು ತಳ್ಳಿಹಾಕುವ ಬರಹಗಳನ್ನು ಓದಿದಾಗ ನನಗೆ ಬೇಸರವಾಗುತ್ತದೆ. ಅವು ಕಾದಾಡುವ ಕೋಟೆಗಳಲ್ಲ, ನೋಡುವ ಕೋಟೆಗಳು. ಅದಕ್ಕಿಂತ ಮಿಗಿಲಾಗಿ, ಅವುಗಳೊಂದಿಗೆ ಕಾವಲು ಎಂಬುದು ಸಂಬಳದ ಕೆಲಸವಾಯಿತು. ಹಗಲು ಹೊಲದಲ್ಲಿ ದುಡಿದು ದಣಿದವನ ಬದಲು, ಅದೇ ಉದ್ಯೋಗವಾಗಿರುವವನು ಗೋಪುರದ ಮೇಲೆ ನಿಂತ. ಒಬ್ಬ ಗ್ರ್ಯಾಂಡ್ ಮಾಸ್ಟರ್ ರೈತನಿಗೆ ಮಾಡಬಹುದಾದ ಉಪಕಾರಗಳಲ್ಲಿ ಇದನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

18ನೆಯ ಶತಮಾನಕ್ಕೆ ಬಂದರೆ ಯೋಚನೆಯೇ ಬದಲಾಯಿತು. 1715ರಲ್ಲಿ ಒಟ್ಟೊಮನ್ನರು ಗ್ರೀಸಿನ ಮೊರಿಯಾ ಪ್ರಾಂತವನ್ನು ವೆನಿಸ್‌ನವರಿಂದ ಮರಳಿ ಕಸಿದುಕೊಂಡರು. ಮುಂದಿನ ಸರದಿ ತಮ್ಮದೆಂದು ನೈಟ್‌ಗಳು ಹೆದರಿದರು. ಫ್ರಾನ್ಸಿನಿಂದ ಬಂದ ಎಂಜಿನಿಯರುಗಳು ಶತ್ರುವನ್ನು ದಡ ಮುಟ್ಟುವ ಮೊದಲೇ ಹೊಡೆಯಬೇಕು ಎಂದರು. 1715–16ರಲ್ಲಿ ಕೊಲ್ಲಿಕೊಲ್ಲಿಗೂ ಬತ್ತೇರಿಗಳು ಎದ್ದವು. ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ಹೊಳೆಯ ದಡದಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯನ್ನು ಕಂಡವರಿಗೆ ಇವುಗಳ ಉದ್ದೇಶ ತಟ್ಟನೆ ತಿಳಿಯುತ್ತದೆ. ಮಾಲ್ಟಾದ ಬತ್ತೇರಿ ಆಕಾರದಲ್ಲಿ ಬೇರೆ: ಕಡಲಿಗೆ ಮುಖ ಮಾಡಿದ ಅರೆವರ್ತುಲದ ಫಿರಂಗಿ ಕಟ್ಟೆ, ಹಿಂದೆ ಸೈನಿಕರಿಗೆ ತಗ್ಗಿನ ಕಲ್ಲುಕೋಣೆ, ಬೆನ್ನಿನ ಕಡೆಯಿಂದ ಬಂದವರ ಮೇಲೆ ಬಂದೂಕು ಹಾರಿಸಲು ಗೋಡೆಯಲ್ಲಿ ಸಂದಿ. ಗೋಜೊದ ರಾಮ್ಲಾ ಕೊಲ್ಲಿಯಲ್ಲಿ ಇನ್ನೂ ಮುಂದೆ ಹೋಗಿ, ದೋಣಿಯ ತಳಕ್ಕೆ ತಗುಲುವ ಹಾಗೆ ನೀರೊಳಗೇ ಅಡ್ಡಗೋಡೆ ಕಟ್ಟಿದರು.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಫೂಗಾಸ್. ಎಂಜಿನಿಯರ್ ಫ್ರಾನ್ಸೆಸ್ಕೊ ಮಾರಾಂಡೊನ್ 1740ರ ಸೆಪ್ಟೆಂಬರ್‌ನಲ್ಲಿ ಇದನ್ನು ಮೊದಲು ಪರೀಕ್ಷಿಸಿದ. ದಡದ ಬಂಡೆಯನ್ನೇ ಕಡಲಿನ ಕಡೆಗೆ ಓರೆಯಾಗಿ ಕೊರೆದ ದೊಡ್ಡ ಗುಂಡಿ ಅದು. ತಳದಲ್ಲಿ ಮದ್ದು, ಅದರ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಬಾಯಿಯವರೆಗೂ ಕಲ್ಲು. ಗುಂಡಿಯ ಪಕ್ಕದಲ್ಲಿ ಕೊರೆದ ಸಣ್ಣ ಕಾಲುವೆಯಲ್ಲಿ ಬತ್ತಿ. ಹಚ್ಚಿದರೆ ನೆಲವೇ ಫಿರಂಗಿಯಾಗಿ, ದಡಕ್ಕೆ ಬರುತ್ತಿರುವ ದೋಣಿಗಳ ಮೇಲೆ ಕಲ್ಲಿನ ಮಳೆ ಸುರಿಸಬೇಕು. ಕಬ್ಬಿಣ, ಕಂಚು ಯಾವುದೂ ಬೇಡ. ದ್ವೀಪದಲ್ಲಿ ಹೇರಳವಾಗಿ ಇದ್ದದ್ದು ಕಲ್ಲೊಂದೇ, ಅದನ್ನೇ ಆಯುಧ ಮಾಡಿದರು. ಮಾಲ್ಟಾದಲ್ಲಿ ಐವತ್ತರ ಹತ್ತಿರ, ಗೋಜೊದಲ್ಲಿ ಹತ್ತಕ್ಕೂ ಹೆಚ್ಚು ಕೊರೆದರು. ಸಲೀನಾ ಕೊಲ್ಲಿಯಲ್ಲಿ, ಉಪ್ಪಿನ ಗದ್ದೆಗಳ ಹತ್ತಿರ, ಒಂದು ಇನ್ನೂ ಚೆನ್ನಾಗಿ ಉಳಿದಿದೆ. ಉಳಿಯ ಗುರುತುಗಳು ಅದರ ಒಳಮೈಯಲ್ಲಿ ಕಾಣುತ್ತವೆ.

ಇಷ್ಟೆಲ್ಲ ಕಟ್ಟಿದವರು 1798ರ ಜೂನ್‌ನಲ್ಲಿ ಮೂರು ದಿನದಲ್ಲಿ ದ್ವೀಪವನ್ನು ಕಳೆದುಕೊಂಡರು. ಈಜಿಪ್ಟಿಗೆ ಹೊರಟಿದ್ದ ನೆಪೋಲಿಯನ್ ಜೂನ್ 9ರಂದು ಬಂದು ಹಡಗುಗಳಿಗೆ ನೀರು ಕೇಳಿದ. ಒಂದು ಸಲಕ್ಕೆ ನಾಲ್ಕೇ ಹಡಗು ಬಂದರಿನೊಳಗೆ ಬರಬಹುದು ಎಂದು ಗ್ರ್ಯಾಂಡ್ ಮಾಸ್ಟರ್ ಹೊಂಪೆಶ್ ಉತ್ತರ ಕೊಟ್ಟ. ಅಷ್ಟೇ ನೆಪ ಸಾಕಾಯಿತು. ಜೂನ್ 10ರಂದು ಫ್ರೆಂಚ್ ಸೈನಿಕರು ಹಲವು ಕಡೆ ಒಟ್ಟಿಗೇ ಇಳಿದರು. 12ರಂದು ಒಪ್ಪಂದಕ್ಕೆ ಸಹಿ ಬಿತ್ತು. ನೂರಾರು ಹಡಗುಗಳ ಆ ಪಡೆ ಹಾಡಹಗಲಲ್ಲಿ ಕಣ್ಣೆದುರಿಗೇ ನಿಂತಿತ್ತು. ನೋಡುವ ಕೆಲಸದಲ್ಲಿ ಲೋಪವಿರಲಿಲ್ಲ. ಲೋಪವಿದ್ದದ್ದು ಬೆನ್ನ ಹಿಂದೆ. ಫ್ರಾನ್ಸಿನ ಕ್ರಾಂತಿಸರ್ಕಾರ 1792ರಲ್ಲೇ ಪಂಥದ ಆಸ್ತಿ ಮುಟ್ಟುಗೋಲು ಹಾಕಿಕೊಂಡು ಬೊಕ್ಕಸ ಬರಿದಾಗಿತ್ತು. ದ್ವೀಪದಲ್ಲಿದ್ದ ಮುನ್ನೂರು ಚಿಲ್ಲರೆ ನೈಟ್‌ಗಳಲ್ಲಿ ಮೂರರಲ್ಲಿ ಎರಡು ಪಾಲು ಫ್ರೆಂಚರು; ತಮ್ಮ ನಾಡಿನವರ ಮೇಲೆ ಕೈಯೆತ್ತಲು ಹಲವರಿಗೆ ಮನಸ್ಸಿರಲಿಲ್ಲ. ಇತ್ತ ಮಾಲ್ಟಾದ ಜನರಿಗೆ ನೈಟ್‌ಗಳ ಮೇಲೆ ವಿಶ್ವಾಸ ಉಳಿದಿರಲಿಲ್ಲ. 1775ರಲ್ಲಿ ಪಾದ್ರಿಗಳ ಮುಂದಾಳತ್ವದಲ್ಲಿ ದಂಗೆಯೆದ್ದು ಸೇಂಟ್ ಎಲ್ಮೊ ಕೋಟೆಯನ್ನೇ ಕೆಲವು ಗಂಟೆ ಹಿಡಿದವರು ಅವರು. ಹೊಗೆ ಏಳಬಹುದು, ಬೆಂಕಿ ಉರಿಯಬಹುದು. ಅದನ್ನು ಕಂಡು ಓಡಿಬರುವವರು ಯಾರು?

ಇಲ್ಲಿ ನಮ್ಮ ನಾಡಿನ ಚರಿತ್ರೆಯೂ ಬಂದು ಸೇರುತ್ತದೆ. ಮಾಲ್ಟಾವನ್ನು ಗೆದ್ದು ಈಜಿಪ್ಟ್ ತಲುಪಿದ ನೆಪೋಲಿಯನ್ 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದ: ನಿನ್ನನ್ನು ಇಂಗ್ಲಿಷರಿಂದ ಬಿಡಿಸಲು ಸೇನೆಯೊಂದಿಗೆ ಕೆಂಪು ಸಮುದ್ರದವರೆಗೆ ಬಂದಿದ್ದೇನೆ, ನಂಬಿಕೆಯ ಮನುಷ್ಯನನ್ನು ಕಳಿಸು ಎಂಬುದು ಅದರ ತಾತ್ಪರ್ಯ. ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಅದಕ್ಕೂ ಮೊದಲೇ, 1798ರ ಆಗಸ್ಟ್ 1ರಂದು, ನೈಲ್ ನದಿಯ ಮುಖದಲ್ಲಿ ಇಂಗ್ಲಿಷ್ ನೌಕಾಪತಿ ನೆಲ್ಸನ್ ಫ್ರೆಂಚ್ ನೌಕಾಪಡೆಯನ್ನು ಧ್ವಂಸ ಮಾಡಿದ್ದರಿಂದ ಮಾತು ಬರಿಯ ಮಾತಾಗಿಯೇ ಉಳಿದಿತ್ತು. 1799ರ ಮೇ 4ರಂದು ಕಾವೇರಿಯ ನಡುವಿನ ಶ್ರೀರಂಗಪಟ್ಟಣ ಬಿತ್ತು. ಒಂದು ವರ್ಷದೊಳಗೆ ಎರಡು ದ್ವೀಪಕೋಟೆಗಳು ಕೈ ಬದಲಾಯಿಸಿದವು. ಮೊದಲನೆಯದರ ಸುದ್ದಿ ಎರಡನೆಯದರ ಮೇಲಿನ ದಾಳಿಯನ್ನು ಬೇಗ ತಂದಿತು. ಫ್ರೆಂಚರು ಪೂರ್ವಕ್ಕೆ ಬರುತ್ತಿದ್ದಾರೆಂಬ ಭಯವನ್ನು ಇಂಗ್ಲಿಷರ ಗವರ್ನರ್ ಜನರಲ್ ವೆಲ್ಲೆಸ್ಲಿ ತನ್ನ ಯುದ್ಧಕ್ಕೆ ಕಾರಣವಾಗಿ ಬಳಸಿಕೊಂಡ. ನಮ್ಮ ಪಠ್ಯಪುಸ್ತಕಗಳು ಶ್ರೀರಂಗಪಟ್ಟಣದ ಪತನವನ್ನು ಹೇಳುವಾಗ ಮಾಲ್ಟಾದ ಹೆಸರು ಎತ್ತದಿರುವುದು ದೊಡ್ಡ ಕೊರತೆ.

ಮಾಲ್ಟಾದ ಜನ ಸುಮ್ಮನಿರಲಿಲ್ಲ. ಚರ್ಚುಗಳ ಬೆಳ್ಳಿಬಂಗಾರಕ್ಕೆ ಫ್ರೆಂಚರು ಕೈಹಾಕಿದಾಗ 1798ರ ಸೆಪ್ಟೆಂಬರ್ 2ರಂದು ಹಳ್ಳಿಗಳೆಲ್ಲ ಎದ್ದವು. ಫ್ರೆಂಚ್ ದಳ ವ್ಯಾಲೆಟ್ಟಾದೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಂಡಿತು. ಆಗ ಜನ ಏನು ಮಾಡಿದರು ನೋಡಿ: ಕರಾವಳಿಯ ಗೋಪುರ, ಬತ್ತೇರಿಗಳಲ್ಲಿದ್ದ ಫಿರಂಗಿಗಳನ್ನು ಕಿತ್ತು ಎಳೆದುತಂದು, ನೈಟ್‌ಗಳು ಕಟ್ಟಿದ ರಾಜಧಾನಿಯ ಕಡೆಗೇ ತಿರುಗಿಸಿ ನಿಲ್ಲಿಸಿದರು. ಎರಡು ವರ್ಷದ ದಿಗ್ಬಂಧನ ನಡೆಯಿತು. 1800ರ ಸೆಪ್ಟೆಂಬರ್‌ನಲ್ಲಿ ಫ್ರೆಂಚರು ಶರಣಾದರು. ಶರಣಾದದ್ದು ಮಾತ್ರ ಇಂಗ್ಲಿಷರಿಗೆ. ಹಸಿದು ಸತ್ತ ಜನರಿಗೆ ಆ ಒಪ್ಪಂದದ ಮೇಜಿನಲ್ಲಿ ಜಾಗ ಸಿಗಲಿಲ್ಲ.

ಇಂಗ್ಲಿಷರ ಕಾಲವನ್ನು ಬೇಗ ದಾಟುತ್ತೇನೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಮಾಲ್ಟಾ ಇಂಡಿಯಾದ ದಾರಿಯ ಮುಖ್ಯ ತಂಗುದಾಣವಾಯಿತು. 1878ರಲ್ಲಿ ರಷ್ಯಾದೊಂದಿಗೆ ಯುದ್ಧವಾಗಬಹುದೆಂಬ ಭಯದಲ್ಲಿ ಸುಮಾರು 7,000 ಭಾರತೀಯ ಸೈನಿಕರನ್ನು ಮಾಲ್ಟಾಗೆ ತಂದು ಇಳಿಸಿದರು. ಬೆಂಗಳೂರಿನಲ್ಲಿ ಕೇಂದ್ರವಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯವರೂ ಅವರಲ್ಲಿದ್ದರು. ಅದೇ ದಶಕದಲ್ಲಿ ಇಟಲಿಯ ಹೊಸ ಯುದ್ಧನೌಕೆಗಳಿಗೆ ಎದುರಾಗಿ ರಿನೆಲ್ಲಾ ಎಂಬಲ್ಲಿ ನೂರು ಟನ್ ತೂಕದ ಆರ್ಮ್‌ಸ್ಟ್ರಾಂಗ್ ಫಿರಂಗಿಗಾಗಿ ಕೋಟೆ ಕಟ್ಟತೊಡಗಿದರು. ಒಂದೊಂದು ಗುಂಡಿನ ತೂಕ 900 ಕೆ.ಜಿ.ಗೂ ಹೆಚ್ಚು, ತುಂಬಲು ಹಬೆಯಂತ್ರ ಬೇಕು. ಅದು ಶತ್ರುವಿನ ಮೇಲೆ ಒಂದು ಗುಂಡನ್ನೂ ಹಾರಿಸದೆ 1906ರಲ್ಲಿ ನಿವೃತ್ತಿಯಾಯಿತು. ದ್ವೀಪವನ್ನು ಅಡ್ಡಲಾಗಿ ಸೀಳುವ ಬಂಡೆಸಾಲಿನ ಮೇಲೆ 12 ಕಿ.ಮೀ. ಉದ್ದಕ್ಕೆ ಕಟ್ಟಿದ ವಿಕ್ಟೋರಿಯಾ ಲೈನ್ಸ್ ಗೋಡೆಯನ್ನು ಮುಗಿಸಿದ ಹತ್ತು ವರ್ಷದೊಳಗೇ ಕೈಬಿಟ್ಟರು. ಆ ಗೋಡೆಯ ಆಚೆ ಉಳಿದ ಉತ್ತರದ ಹಳ್ಳಿಗಳನ್ನು ಶತ್ರುವಿಗೆ ಬಿಟ್ಟುಕೊಡುವ ಲೆಕ್ಕಾಚಾರ ಅದರಲ್ಲಿತ್ತು. ನನಗೆ ಅದು ಸರಿಕಂಡಿಲ್ಲ.

ನೋಡುವ ಕೆಲಸ ಮಾತ್ರ ನಿಲ್ಲಲಿಲ್ಲ. 1934–35ರಲ್ಲಿ ಉತ್ತರ ಕರಾವಳಿಯ ಮಾಹ್ತಾಬ್‌ನಲ್ಲಿ, ದ ರೆದಿನ್‌ನ ಆಲ್ಲಿಸ್ ಗೋಪುರವಿರುವ ಕಡೆಯಲ್ಲೇ, ಅರವತ್ತು ಮೀಟರ್ ಉದ್ದದ ಬಾಗಿದ ಕಾಂಕ್ರೀಟ್ ಗೋಡೆಯೊಂದನ್ನು ಸಿಸಿಲಿಯ ಕಡೆಗೆ ಮುಖಮಾಡಿ ಕಟ್ಟಿದರು. ದೂರದ ವಿಮಾನದ ಸದ್ದನ್ನು ಹಿಡಿಯುವ ಗೋಡೆ ಅದು; ಊರಿನವರು ಅದನ್ನು ಕಿವಿ ಎಂದೇ ಕರೆದರು. ಕೆಲವೇ ವರ್ಷದಲ್ಲಿ ರಾಡಾರ್ ಬಂದು ಅದರ ಕೆಲಸ ಮುಗಿಯಿತು. ಬ್ರಿಟನ್ನಿನ ಹೊರಗೆ ಸ್ಥಾಪಿಸಿದ ಮೊದಮೊದಲ ರಾಡಾರುಗಳಲ್ಲಿ ಒಂದು ಡಿಂಗ್ಲಿಯ ಎತ್ತರದಲ್ಲಿ ಕೂತಿತು. ಎರಡನೆಯ ಮಹಾಯುದ್ಧದ ನಡುವೆ, 1941ರ ಜುಲೈ 26ರ ನಸುಕಿನಲ್ಲಿ, ಇಟಲಿಯವರು ಸ್ಫೋಟಕ ತುಂಬಿದ ಸಣ್ಣ ದೋಣಿಗಳಲ್ಲಿ ದೊಡ್ಡ ಬಂದರಿಗೆ ನುಗ್ಗಲು ಬಂದಾಗ, ಅವರ ತಾಯಿಹಡಗನ್ನು ರಾಡಾರ್ ಮೊದಲೇ ಕಂಡಿತ್ತು. ಸೇಂಟ್ ಎಲ್ಮೊದ ಫಿರಂಗಿಗಳ ಹಿಂದೆ ಕಾದು ಕುಳಿತಿದ್ದವರು ಮಾಲ್ಟಾದ ಹುಡುಗರೇ, ರಾಯಲ್ ಮಾಲ್ಟಾ ಆರ್ಟಿಲರಿಯವರು. ಕೆಲವೇ ನಿಮಿಷಗಳಲ್ಲಿ ದಾಳಿ ಮುಗಿದುಹೋಯಿತು. ಕಂಡ ಸುದ್ದಿಯೂ ಅದಕ್ಕಾಗಿ ಕಾದಿದ್ದ ಕೈಗಳೂ ಒಟ್ಟಿಗಿದ್ದಾಗ ಏನಾಗುತ್ತದೆ ಎಂಬುದನ್ನು 1798ರ ಪಕ್ಕದಲ್ಲಿಟ್ಟು ಓದಬೇಕು.

ಬ್ರಿಟಿಷ್ ಪಡೆಗಳು 1979ರ ಮಾರ್ಚ್ 31ರಂದು ಕೊನೆಯದಾಗಿ ಹೊರಟುಹೋದವು. ದ ರೆದಿನ್‌ನ 13 ಗೋಪುರಗಳಲ್ಲಿ ಮೊದಲು ಕಟ್ಟಿದ ಆಯ್ನ್ ಹದೀದ್ ಅಷ್ಟರಲ್ಲಾಗಲೇ 1856ರ ಭೂಕಂಪಕ್ಕೆ ಕುಸಿದಿತ್ತು. ಕೆಲವನ್ನು ಇಂಗ್ಲಿಷರು ತಮ್ಮ ಫಿರಂಗಿಗೆ ಅಡ್ಡವೆಂದು ಕೆಡವಿದ್ದರು. ಉಳಿದವುಗಳ ಮೆದು ಸುಣ್ಣಕಲ್ಲನ್ನು ಉಪ್ಪುಗಾಳಿ ತಿನ್ನುತ್ತಿದೆ. 1965ರಲ್ಲಿ ಹುಟ್ಟಿದ ದಿನ್ ಲಾರ್ತ್ ಹೆಲ್ವಾ ಎಂಬ ನಾಗರಿಕ ಸಂಸ್ಥೆ ಕೆಂಪು ಗೋಪುರವನ್ನೂ ಕೊಮಿನೊದ ಗೋಪುರವನ್ನೂ ದುರಸ್ತಿ ಮಾಡಿ, ಸ್ವಯಂಸೇವಕರ ಕೈಯಲ್ಲಿ ಜನರಿಗೆ ತೆರೆದಿಟ್ಟಿದೆ. ಆದರೆ 1930ರ ದಶಕದ ಕೊನೆಯಲ್ಲಿ ಕಡಲಂಚಿನಲ್ಲಿ ಕಟ್ಟಿದ ಪಿಲ್‌ಬಾಕ್ಸ್‌ಗಳ ಬಗ್ಗೆ ಅಷ್ಟು ಪ್ರೀತಿ ಕಾಣುವುದಿಲ್ಲ. ಹೊಲದ ಕಲ್ಲುಗಳನ್ನೇ ಹೊರಮೈಗೆ ಹೊದಿಸಿ ರೈತನ ಗುಡಿಸಲಿನ ಹಾಗೆ ಕಾಣುವಂತೆ ಮಾಡಿದ ಆ ಕಾಂಕ್ರೀಟ್ ಗೂಡುಗಳಿಗೆ ಮುನ್ನೂರು ವರ್ಷದ ಹಳಮೆಯಿಲ್ಲ, ಗ್ರ್ಯಾಂಡ್ ಮಾಸ್ಟರನ ಲಾಂಛನವಿಲ್ಲ. ಆದರೂ ಅವುಗಳೊಳಗೆ ಕೂತು ಯುದ್ಧದ ರಾತ್ರಿಗಳನ್ನು ಕಳೆದವರು ಡೇಯ್ಮಾ ಪಟ್ಟಿಯ ರೈತರ ಕೆಲಸವನ್ನೇ ಮುಂದುವರಿಸಿದವರು. ಗೋಪುರಗಳಿಗೆ ಕೊಡುವ ರಕ್ಷಣೆಯನ್ನೇ ಇವಕ್ಕೂ ಕೊಡಬೇಕೆಂಬ ಅಲ್ಲಿನ ಇತಿಹಾಸಕಾರರ ಒತ್ತಾಯದ ಜೊತೆ ನಾನಿದ್ದೇನೆ.